ಮೆಕ್ಕೆಜೋಳಕ್ಕೊಂದು ಗೇಟಿಲ್ಲ

2025ರ ಮುಂಗಾರು ಹಂಗಾಮಿನ ಮೆಕ್ಕೆಜೋಳಕ್ಕೆ ಕೇಂದ್ರ ಸರ್ಕಾರ ಹೇಳಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಆ ನವೆಂಬರ್‌ನಲ್ಲಿ ನಮ್ಮ ಕಡೆಯ ಮಾರುಕಟ್ಟೆಗಳಲ್ಲಿ ರೈತರ ಕೈಗೆ ಬಂದದ್ದು 1,600, 1,700. ಕಾಳು ಚೆನ್ನಾಗಿ ಒಣಗಿದ್ದರೆ 1,900ರ ಹತ್ತಿರ. ಕ್ವಿಂಟಲ್‌ಗೆ ಐನೂರರಿಂದ ಎಂಟುನೂರು ರೂಪಾಯಿ ಎಲ್ಲಿ ಹೋಯಿತು ಅಂತ ಯಾರನ್ನು ಕೇಳಬೇಕು? ದಾವಣಗೆರೆ ಜಿಲ್ಲೆಯಲ್ಲಿ ಒಂದು ಲಕ್ಷ ಹೆಕ್ಟೇರ್ ಮೀರಿ ಈ ಬೆಳೆ ಇದೆ. ಅಷ್ಟೂ ಮನೆಗಳಲ್ಲಿ ಇದೇ ಪ್ರಶ್ನೆ ಇತ್ತು. ಉತ್ತರ ಕೊಡೋರು ಮಾತ್ರ ಯಾರೂ ಇರಲಿಲ್ಲ.

ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಪುಸ್ತಕದಲ್ಲಿ ಬೇಡಿಕೆಯ ಗೆರೆ ಒಂದು, ಪೂರೈಕೆಯ ಗೆರೆ ಒಂದು. ಎರಡೂ ಸೇರುವ ಕಡೆ ಬೆಲೆ. ತರಗತಿಯಲ್ಲಿ ಕೂತಿರೋರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಆನಗೋಡು, ಆನಗೋಡಿನ ಆಚೆ ಈಚೆ, ಜಗಳೂರು, ಮಾಯಕೊಂಡ, ಭರಮಸಾಗರದ ಕಡೆಯಿಂದ ಬಸ್ಸಿನಲ್ಲಿ ಬರೋರು. ಅವರ ಮನೆಯ ವರ್ಷದ ಲೆಕ್ಕವೇ ಈ ಕಾಳಿನ ಮೇಲೆ ನಿಂತಿದೆ. ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸಾರ್, ಕೋಳಿಗೆ ಮೆಕ್ಕೆಜೋಳ ಬೇಕು, ಎಥನಾಲ್‌ಗೂ ಬೇಕು, ಬೇಡಿಕೆ ಜಾಸ್ತಿ ಆಗಿದೆ ಅಂತ ಪೇಪರಲ್ಲೇ ಬರುತ್ತೆ. ಮತ್ತೆ ನಮ್ಮಪ್ಪಂಗೆ ದರ ಯಾಕೆ ಸಿಗಲಿಲ್ಲ?"

ಪುಸ್ತಕದಲ್ಲಿ ಇದಕ್ಕೆ ಅರ್ಧ ಉತ್ತರ ಇದೆ. ಇನ್ನರ್ಧ ರಾಜಕೀಯಶಾಸ್ತ್ರದ ಕ್ಲಾಸಿನಲ್ಲಿದೆ, ಮತ್ತಷ್ಟು ಸಮಾಜಶಾಸ್ತ್ರದ ಕ್ಲಾಸಿನಲ್ಲಿ. ನಾವು ಮೂರು ಪೀರಿಯಡ್ ಮಾಡಿ, ಮೂರು ಜನ ಮೇಷ್ಟ್ರು ಹಂಚಿಕೊಂಡು ಹೇಳುತ್ತೇವೆ. ಹುಡುಗಿಯ ಮನೆಯಲ್ಲಿ ಮೂರೂ ಒಂದೇ ದಿನ ಒಟ್ಟಿಗೆ ಬರುತ್ತವೆ. ಹಾಗಾಗಿ ಇಲ್ಲಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ದರದ ಕಥೆ. ಇದು 2023ರ ಬರದಿಂದ ಶುರುವಾಗುತ್ತದೆ. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ಮಳೆ ಕೈಕೊಡುವ ಲಕ್ಷಣ ಕಂಡ ಕೂಡಲೇ ಕೇಂದ್ರಕ್ಕೆ ಅಕ್ಕಿಯ ಚಿಂತೆ ಹಿಡಿಯಿತು. ಲೋಕಸಭೆ ಚುನಾವಣೆ ಎದುರಿಗೇ ಇತ್ತು. ಜೂನ್‌ನಲ್ಲಿ ಭಾರತ ಆಹಾರ ನಿಗಮ ರಾಜ್ಯ ಸರ್ಕಾರಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲಿಗೆ ಕೆಜಿಗೆ 34 ರೂಪಾಯಿಯಂತೆ ದುಡ್ಡು ಖಾತೆಗೆ ಬಂದದ್ದು ಇದೇ ಕಾರಣಕ್ಕೆ, ನೆನಪಿದೆಯಲ್ವಾ? ಜುಲೈನಲ್ಲಿ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಂತಿತು. ಅದೇ ತಿಂಗಳು ಎಥನಾಲ್ ಕಾರ್ಖಾನೆಗಳಿಗೆ ನಿಗಮದ ಗೋದಾಮಿನಿಂದ ಹೋಗುತ್ತಿದ್ದ ಅಕ್ಕಿಯೂ ನಿಂತಿತು. ವರ್ಷದ ಕೊನೆಗೆ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೂ ಕಡಿವಾಣ ಬಿತ್ತು, ಯಾಕೆಂದರೆ ಸಕ್ಕರೆ ದರ ಏರಬಾರದು.

ಆದರೆ ಪೆಟ್ರೋಲಿಗೆ ಎಥನಾಲ್ ಬೆರೆಸುವ ಗುರಿ ಹಾಗೇ ಇತ್ತು. ಹೊರಗಿನಿಂದ ತರುವ ಕಚ್ಚಾ ತೈಲದ ಬಿಲ್ಲು ಇಳಿಸಬೇಕು ಅನ್ನುವುದು ಅದರ ಹಿಂದಿನ ಲೆಕ್ಕ. 2014ರಲ್ಲಿ ಶೇ. 1.5ರ ಆಸುಪಾಸಿನಲ್ಲಿದ್ದ ಬೆರಕೆ ಶೇ. 20ಕ್ಕೆ ಏರಬೇಕಿತ್ತು. 2030ಕ್ಕೆ ಅಂತ ಇಟ್ಟಿದ್ದ ಗಡುವನ್ನು 2025ಕ್ಕೆ ಎಳೆದು ತಂದಿದ್ದರು. ಅಕ್ಕಿ ಇಲ್ಲ, ಕಬ್ಬಿಗೆ ಕಡಿವಾಣ. ಉಳಿದದ್ದು ಮೆಕ್ಕೆಜೋಳ. 2024ರ ಜನವರಿಯಲ್ಲಿ ಮೆಕ್ಕೆಜೋಳದ ಎಥನಾಲ್‌ಗೆ ಲೀಟರಿಗೆ 71.86 ರೂಪಾಯಿ ಕೊಡುತ್ತೇವೆ ಅಂತ ತೈಲ ಕಂಪನಿಗಳು ಹೇಳಿದವು. ಒಂದು ಟನ್ ಕಾಳಿನಿಂದ ಸುಮಾರು 380 ಲೀಟರ್ ಎಥನಾಲ್ ಬರುತ್ತದೆ. ಕಾರ್ಖಾನೆಯವರು ಮಾರುಕಟ್ಟೆಗೆ ಇಳಿದರು. ದರ ಬೆಂಬಲ ಬೆಲೆಯನ್ನೇ ದಾಟಿ ಹೋಯಿತು. ಮೆಕ್ಕೆಜೋಳ ರಫ್ತು ಮಾಡುತ್ತಿದ್ದ ದೇಶ ಮ್ಯಾನ್ಮಾರ್‌ನಿಂದ, ಉಕ್ರೇನ್‌ನಿಂದ ತರಿಸಿಕೊಳ್ಳುವ ಹಾಗಾಯಿತು. ನಮ್ಮ ಊರುಗಳಲ್ಲಿ ಆಗ ಬಂದ ಉತ್ಸಾಹ ಎಷ್ಟು ಅಂತೀರಿ! "ಇನ್ನು ಹತ್ತು ವರ್ಷ ಮೆಕ್ಕೆಜೋಳಕ್ಕೆ ಸೋಲಿಲ್ಲ" ಅಂತ ಗೊಬ್ಬರದ ಅಂಗಡಿಯಲ್ಲಿ ಮಾತು. ಹತ್ತಿ, ರಾಗಿ, ಶೇಂಗಾ ಬಿಟ್ಟು ಇದಕ್ಕೇ ಬಂದರು.

ಆಮೇಲೆ ಏನಾಯಿತು? ಮಳೆ ಚೆನ್ನಾಗಾಯಿತು. ನಿಗಮದ ಗೋದಾಮುಗಳಲ್ಲಿ ಅಕ್ಕಿ ತುಂಬಿ ತುಳುಕಿತು. ಚುನಾವಣೆಯೂ ಮುಗಿದಿತ್ತು. 2025ರ ಜನವರಿಯಲ್ಲಿ ಅದೇ ಅಕ್ಕಿಯನ್ನು ಎಥನಾಲ್ ಕಾರ್ಖಾನೆಗಳಿಗೆ ಕ್ವಿಂಟಲ್‌ಗೆ 2,250 ರೂಪಾಯಿಗೆ ಕೊಡಲು ಶುರು ಮಾಡಿದರು. ನಿಗಮಕ್ಕೆ ಆ ಅಕ್ಕಿ ಕೊಂಡು, ಸಾಗಿಸಿ, ಕಾಪಾಡಲು ಬೀಳುವ ಖರ್ಚು ಇದಕ್ಕಿಂತ ತುಂಬಾ ಜಾಸ್ತಿ. ಅಂದರೆ ಸರ್ಕಾರದ ದುಡ್ಡಿನಲ್ಲಿ ಅಗ್ಗವಾದ ಅಕ್ಕಿ ನಮ್ಮ ಮೆಕ್ಕೆಜೋಳದ ಎದುರಿಗೆ ಬಂದು ನಿಂತಿತು. ಅತ್ತ ಹಿಂದಿನ ವರ್ಷದ ದರ ನೋಡಿ ಬಿತ್ತನೆ ಜಾಸ್ತಿ ಆಗಿತ್ತು, ಬೆಳೆಯೂ ಚೆನ್ನಾಗಿ ಬಂತು. ನವೆಂಬರ್‌ನಲ್ಲಿ ಎಲ್ಲರ ಕಾಳೂ ಒಟ್ಟಿಗೇ ರಸ್ತೆ ಮೇಲೆ ಒಣಗಿತು, ಒಟ್ಟಿಗೇ ಮಾರುಕಟ್ಟೆಗೆ ಹೋಯಿತು.

ಹುಡುಗಿಗೆ ನಾನು ಕೊಟ್ಟ ಅರ್ಧ ಉತ್ತರ ಇದು. ಗಮನಿಸಿ, ಇದರಲ್ಲಿ ಬೇಡಿಕೆ, ಪೂರೈಕೆ ಎರಡೂ ಇವೆ. ಆದರೆ ಎರಡೂ ಗೆರೆಗಳನ್ನು ಅತ್ತಿತ್ತ ಎಳೆದದ್ದು ದೆಹಲಿಯ ಆದೇಶಗಳು. ಒಂದೊಂದು ಆದೇಶಕ್ಕೂ ಅದರದೇ ಆದ ನ್ಯಾಯ ಇದೆ. ಅಕ್ಕಿ ದರ ಏರಿದರೆ ಬಡವರಿಗೆ ಕಷ್ಟ, ಸರಿ. ತೈಲದ ಬಿಲ್ಲು ಇಳಿಯಬೇಕು, ಸರಿ. ಗೋದಾಮಿನಲ್ಲಿ ಅಕ್ಕಿ ಹುಳು ಹಿಡಿಯಬಾರದು, ಅದೂ ಸರಿ. ಆದರೆ ಇಷ್ಟೂ ಆದೇಶ ಹೊರಡಿಸುವಾಗ ಜಗಳೂರಿನ ಮಳೆಯಾಶ್ರಿತ ರೈತನಿಗೆ ಇದರಿಂದ ಏನಾಗಬಹುದು ಅಂತ ಕೇಳಲೇಬೇಕಾದ ಒತ್ತಡ ಯಾರಿಗೂ ಇರಲಿಲ್ಲ. ಅಕ್ಕಿ ತಿನ್ನೋರಿಗೆ ದನಿ ಇತ್ತು. ಕೋಳಿ ಫಾರಂನವರಿಗೂ ಇತ್ತು. ದರ ಏರಿದ ಕೂಡಲೇ ಅವರ ಸಂಘಗಳು ಸುಂಕ ಇಳಿಸಿ, ಹೊರಗಿನಿಂದ ತರಿಸಿ ಅಂತ ದೆಹಲಿ ಬಾಗಿಲು ತಟ್ಟಿದವು. ಅದು ತಪ್ಪಲ್ಲ, ಕೋಳಿಯ ಮೇವಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಕ್ಕೆಜೋಳವೇ ಇರುವಾಗ ಅವರೂ ಬದುಕಬೇಕಲ್ಲ. ಸಕ್ಕರೆ ಕಾರ್ಖಾನೆಯವರ ದನಿಯಂತೂ ಹೇಳುವುದೇ ಬೇಡ. ಮೆಕ್ಕೆಜೋಳ ಬೆಳೆದೋರ ದನಿ ಮಾತ್ರ ದರ ಬಿದ್ದು, ಕಾಳು ಅರ್ಧ ಮಾರಿ ಆದಮೇಲೆ ಕೇಳಿತು. ಅಷ್ಟು ಹೊತ್ತಿಗೆ ರಸ್ತೆ ತಡೆ, ಲಕ್ಷ್ಮೇಶ್ವರದಲ್ಲಿ ಉಪವಾಸ, ಮುಖ್ಯಮಂತ್ರಿಗಳಿಂದ ಪ್ರಧಾನಿಗೆ ಪತ್ರ, ಎಲ್ಲ ಆಯಿತು. ಸಣ್ಣ ರೈತ ಅಷ್ಟರಲ್ಲಿ ಕೊಟ್ಟು ಮುಗಿಸಿದ್ದ.

ಯಾಕೆ ಹೀಗೆ? ಒಂದು ಲಕ್ಷ ಹೆಕ್ಟೇರ್ ಬೆಳೆಯುವ ಜನಕ್ಕೆ ದನಿ ಯಾಕಿಲ್ಲ? ನನ್ನನ್ನು ಬಹಳ ಕಾಡಿದ ಪ್ರಶ್ನೆ ಇದು. ಇದಕ್ಕೆ ದಾವಣಗೆರೆಯ ಹಳೆಯ ಕಥೆಗೇ ಹೋಗಬೇಕು.

ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಸುತ್ತಲಿನ ಕಪ್ಪು ನೆಲದಲ್ಲಿ ಹತ್ತಿ, ಊರೊಳಗೆ ಜಿನ್ನಿಂಗ್, ಅದರ ಪಕ್ಕ ಬಟ್ಟೆ ಗಿರಣಿ. ಪಾಳಿ ಬದಲಾಗುವ ಹೊತ್ತಿಗೆ ಸೈರನ್ ಕೂಗಿದರೆ ಇಡೀ ಊರಿಗೆ ಗಂಟೆ ತಿಳಿಯುತ್ತಿತ್ತು ಅಂತ ನಮ್ಮ ತಂದೆಯ ವಯಸ್ಸಿನವರು ಈಗಲೂ ಹೇಳುತ್ತಾರೆ. ಸಾವಿರಾರು ಕಾರ್ಮಿಕರು ಒಂದೇ ಗೇಟಿನಿಂದ ಒಳಗೆ ಹೋಗಿ ಒಂದೇ ಗೇಟಿನಿಂದ ಹೊರಗೆ ಬರುತ್ತಿದ್ದರು. ಅವರಲ್ಲಿ ಲಿಂಗಾಯತರಿದ್ದರು, ಕುರುಬರಿದ್ದರು, ಮುಸ್ಲಿಮರಿದ್ದರು, ದಲಿತರಿದ್ದರು, ಮರಾಠರು, ನಾಯಕರು ಎಲ್ಲರೂ ಇದ್ದರು. ಊಟದ ಡಬ್ಬಿ ಬೇರೆ, ಕೇರಿ ಬೇರೆ, ದೇವರು ಬೇರೆ. ಆದರೆ ಸಂಬಳದ ದಿನ ಒಂದೇ. ಬೋನಸ್ ಕೊಡದಿದ್ದರೆ ಎಲ್ಲರಿಗೂ ಒಟ್ಟಿಗೇ ಇಲ್ಲ. ಬಾಗಿಲ ಮುಂದೆ ನಿಂತು ಭಾಷಣ ಮಾಡಿದರೆ ಎಲ್ಲರ ಕಿವಿಗೂ ಬೀಳುತ್ತಿತ್ತು.

ಆ ಗೇಟಿನ ರಾಜಕೀಯದ ಫಲವಾಗಿಯೇ ಕಮ್ಯುನಿಸ್ಟ್ ಪಕ್ಷದ ಪಂಪಾಪತಿ ಅವರು ದಾವಣಗೆರೆಯಿಂದ 1978, 1983, 1985ರಲ್ಲಿ ಮೂರು ಸಲ ಶಾಸಕರಾದರು. ಇವತ್ತಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಜಾತಿ ಲೆಕ್ಕ ಆಗ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ, ಇತ್ತು, ಗಟ್ಟಿಯಾಗಿಯೇ ಇತ್ತು. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಲೆಕ್ಕವೂ ಇತ್ತು, ಸಂಬಳದ ಲೆಕ್ಕ. ಮತ ಹಾಕುವಾಗ ಮನುಷ್ಯ ಎರಡನ್ನೂ ತೂಗಿ ನೋಡುತ್ತಿದ್ದ.

ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹಳೆಯ ಯಂತ್ರಗಳು, ಪವರ್‌ಲೂಮಿನ ಪೈಪೋಟಿ, ಸಾಲ, ಆಡಳಿತದ ತಪ್ಪುಗಳು, ಕಾರಣ ಹಲವು. ಪಕ್ಕದ ಹರಿಹರದಲ್ಲಿ 1941ರಿಂದ ನಡೆದಿದ್ದ ಮೈಸೂರು ಕಿರ್ಲೋಸ್ಕರ್ ಕೂಡ ಸುಮಾರು 2000ದ ಹೊತ್ತಿಗೆ ನಿಂತುಹೋಯಿತು. ಡಿಸಿಎಂ ಅನ್ನುವುದು ಈಗ ಬಡಾವಣೆಯ ಹೆಸರು. ದಾವಣಗೆರೆ ಕಾಟನ್ ಮಿಲ್ ಅಂತ ಬಿಡಿಸಿ ಹೇಳಿದರೆ ಮಕ್ಕಳು ಆಶ್ಚರ್ಯಪಡುತ್ತಾರೆ. ಗಿರಣಿ ಹೋದಮೇಲೆ ಊರನ್ನು ಹಿಡಿದು ನಿಲ್ಲಿಸಿದ್ದು ಕಾಲೇಜುಗಳು. 1965ರಲ್ಲಿ ಮೆಡಿಕಲ್ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಬಂದಿದ್ದವು. ಹಾಸ್ಟೆಲ್, ಮೆಸ್, ಜೆರಾಕ್ಸ್ ಅಂಗಡಿ, ನರ್ಸಿಂಗ್ ಹೋಂ, ಮೆಡಿಕಲ್ ಸ್ಟೋರ್ ಇವೆಲ್ಲ ಅದರ ಸುತ್ತ ಬೆಳೆದವು. ಊರು ಬದುಕಿತು, ಅದಕ್ಕೆ ನಾನು ಕೃತಜ್ಞ, ನಾನೂ ಅದರಲ್ಲೇ ಓದಿದವನು. ಆದರೆ ಮೆಸ್ಸಿನಲ್ಲಿ ಚಪಾತಿ ಲಟ್ಟಿಸುವ ಹೆಂಗಸು, ನರ್ಸಿಂಗ್ ಹೋಮಿನ ವಾರ್ಡ್ ಬಾಯ್, ಆಟೋ ಓಡಿಸುವ ಹುಡುಗ, ಇವರೆಲ್ಲ ಒಂದೇ ಗೇಟಿನಿಂದ ಒಳಗೆ ಹೋಗುವವರಲ್ಲ. ಒಬ್ಬೊಬ್ಬರಿಗೆ ಒಬ್ಬೊಬ್ಬ ಯಜಮಾನ. ಸಂಬಳದ ದಿನ ಬೇರೆ ಬೇರೆ. ಸಂಬಳದ ಲೆಕ್ಕ ಒಡೆದುಹೋಯಿತು, ಜಾತಿ ಲೆಕ್ಕ ಹಾಗೇ ಉಳಿಯಿತು. ಕಷ್ಟ ಬಂದಾಗ ಹೋಗಿ ನಿಲ್ಲುವ ಜಾಗ ಅಂದರೆ ಸಮಾಜದ ಮುಖಂಡರ ಮನೆ, ಮಠ, ಜಮಾತ್. ಅಲ್ಲಿ ಸಹಾಯ ಸಿಗುತ್ತದೆ, ಅದನ್ನು ಹಗುರ ಮಾಡಿ ಮಾತಾಡಲಾರೆ. ಹಾಸ್ಟೆಲ್ ಸೀಟು, ಫೀಸಿನಲ್ಲಿ ರಿಯಾಯಿತಿ, ಆಪರೇಷನ್‌ಗೆ ಒಂದು ಮಾತು, ಇವೆಲ್ಲ ಬಡವರಿಗೆ ದೊಡ್ಡ ವಿಷಯ. ಆದರೆ ಮೆಕ್ಕೆಜೋಳದ ದರದ ಬಗ್ಗೆ ಅಲ್ಲಿ ಕೇಳೋದು ಹೇಗೆ? ಅದು ಒಂದು ಸಮಾಜದ ಕೆಲಸ ಅಲ್ಲವಲ್ಲ.

ಈಗ ಹೊಲಕ್ಕೆ ಬನ್ನಿ. ನಮ್ಮ ಜಿಲ್ಲೆಯಲ್ಲಿ ಎರಡು ಥರದ ರೈತರಿದ್ದಾರೆ. ಒಬ್ಬರು ಭದ್ರಾ ನಾಲೆಯ ಅಚ್ಚುಕಟ್ಟಿನ ಭತ್ತದವರು. ಇನ್ನೊಬ್ಬರು ಮಳೆ ನೋಡಿ ಬಿತ್ತೋರು. ಭತ್ತದವರಿಗೂ ಕಷ್ಟಗಳಿವೆ, ಕೊನೆಯ ಭಾಗಕ್ಕೆ ನೀರು ತಲುಪದ ಗೋಳು ಪ್ರತಿ ವರ್ಷದ್ದು. ಆದರೆ 2023ರ ಸೆಪ್ಟೆಂಬರ್‌ನಲ್ಲಿ ನಾಲೆಗೆ ನೀರು ನಿಲ್ಲಿಸುವ ಮಾತು ಬಂದಾಗ ಏನಾಯಿತು ನೋಡಿ. ದಾವಣಗೆರೆ ಬಂದ್ ಆಯಿತು, ಹೆದ್ದಾರಿ ತಡೆ ಆಯಿತು, ರಾಜಕೀಯ ಪಕ್ಷದವರೂ ರೈತರ ಜೊತೆ ಬಂದು ನಿಂತರು. ಯಾಕೆಂದರೆ ಅವರಿಗೆ ಒಂದು ಗೇಟಿದೆ. ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ಅದನ್ನು ಎತ್ತುವವರು ಯಾರು, ಇಳಿಸುವವರು ಯಾರು, ಯಾವ ಸಮಿತಿ ಎಂದು ಸಭೆ ಸೇರುತ್ತದೆ, ಎಲ್ಲವೂ ಗೊತ್ತು. ಒಂದೇ ನೀರು ಎಲ್ಲರ ಗದ್ದೆಗೂ ಬರಬೇಕು. ಹಾಗಾಗಿ ಜಾತಿ, ಪಕ್ಷ ಏನೇ ಇದ್ದರೂ ನೀರಿನ ದಿನ ಅವರು ಒಂದಾಗುತ್ತಾರೆ. ಗಿರಣಿಯ ಗೇಟು ಮಾಡುತ್ತಿದ್ದ ಕೆಲಸವನ್ನು ಅಲ್ಲಿ ನಾಲೆಯ ಗೇಟು ಮಾಡುತ್ತದೆ.

ಮೆಕ್ಕೆಜೋಳದವರಿಗೆ ಅಂಥ ಗೇಟೇ ಇಲ್ಲ. ಮಳೆ ಮೋಡದಿಂದ ಬರುತ್ತದೆ. ಬೀಜ ಕಂಪನಿಯಿಂದ ಬರುತ್ತದೆ. ದರ ಮೊಬೈಲಿನಲ್ಲಿ ಬರುತ್ತದೆ. ಯಾವ ಬಾಗಿಲ ಮುಂದೆ ಹೋಗಿ ಕೂರಬೇಕು? ತಹಶೀಲ್ದಾರ್ ಕಚೇರಿ ಮುಂದೆ ಕೂತರೆ ತಹಶೀಲ್ದಾರ್ ಮನವಿ ತಗೊಳ್ಳುತ್ತಾರೆ. ರಾಜ್ಯದವರು ಕೇಂದ್ರದ ಕಡೆ ಕೈ ತೋರಿಸುತ್ತಾರೆ, ಕೇಂದ್ರದವರು ರಾಜ್ಯವೇ ಖರೀದಿಸಲಿ ಅನ್ನುತ್ತಾರೆ. ಬೆಂಬಲ ಬೆಲೆ ಅನ್ನುವುದು ಘೋಷಣೆ ಆಗುವುದು ಇಪ್ಪತ್ತಕ್ಕೂ ಜಾಸ್ತಿ ಬೆಳೆಗಳಿಗೆ. ಆದರೆ ಸರ್ಕಾರ ದೊಡ್ಡ ಪ್ರಮಾಣದಲ್ಲಿ ಕೊಳ್ಳುವುದು ಭತ್ತ, ಗೋಧಿಯನ್ನು, ಯಾಕೆಂದರೆ ಅವು ಪಡಿತರದಲ್ಲಿ ಹೋಗುತ್ತವೆ. ಮೆಕ್ಕೆಜೋಳ ಪಡಿತರದಲ್ಲಿಲ್ಲ. ಕೊಂಡರೆ ಎಲ್ಲಿಡಬೇಕು, ಯಾರಿಗೆ ಕೊಡಬೇಕು ಅಂತ ಅಧಿಕಾರಿಗಳೇ ಕೇಳುತ್ತಾರೆ. ಹಾಗಾಗಿ 2,400 ಅನ್ನುವುದು ಕಾಗದದ ಮೇಲೆ ಉಳಿಯಿತು. ಕೊನೆಗೆ ಖರೀದಿ ಶುರುವಾದಾಗಲೂ ಒಬ್ಬ ರೈತನಿಂದ ಇಷ್ಟೇ ಕ್ವಿಂಟಲ್ ಅಂತ ಮಿತಿ.

ಇನ್ನೂ ಒಂದು ಮಾತು ಇದೆ. ಈ ಮೆಕ್ಕೆಜೋಳ ನಮ್ಮ ಹೊಲಕ್ಕೆ ಬಂದದ್ದು ಬರೀ ದರಕ್ಕಾಗಿ ಅಲ್ಲ. ನಮ್ಮಜ್ಜನ ಕಾಲದಲ್ಲಿ ಹೊಲದಲ್ಲಿ ಬಿಳಿಜೋಳ ಇತ್ತು, ಅದರ ನಡುವೆ ಅಕ್ಕಡಿಯಲ್ಲಿ ತೊಗರಿ, ಅವರೆ, ಹೆಸರು. ಜೋಳ ರೊಟ್ಟಿಗೆ, ಸೊಪ್ಪೆ ದನಕ್ಕೆ. ಜೋಳ ಮಾಡೋದಕ್ಕೆ ಮನೆ ತುಂಬ ಜನ ಬೇಕು. ಹಕ್ಕಿ ಕಾಯಬೇಕು, ಕೊಯ್ಯಬೇಕು, ಕಣ ಮಾಡಬೇಕು. ಮಕ್ಕಳು ಓದಿ ಬೆಂಗಳೂರಿಗೆ ಹೋದರು. ದನ ಮಾರಿದರು. ಪಡಿತರದ ಅಕ್ಕಿ ಬಂತು. ಅಕ್ಕಿ ಬಂದಮೇಲೆ ಊಟಕ್ಕಾಗಿ ಜೋಳ ಬೆಳೆಯಲೇಬೇಕು ಅನ್ನುವ ಭಯ ಹೋಯಿತು. ಅದು ದೊಡ್ಡ ಬಿಡುಗಡೆ, ಹಸಿವು ಕಂಡವರಿಗೆ ಗೊತ್ತು. ಜೊತೆಗೇ ಹೊಲ ಪೂರ್ತಿಯಾಗಿ ಮಾರುಕಟ್ಟೆಯ ಬೆಳೆಗೆ ಹೋಯಿತು. ಮೆಕ್ಕೆಜೋಳ ಬಿತ್ತಿ, ಎರಡು ಸಲ ಗೊಬ್ಬರ ಹಾಕಿ, ಕಳೆನಾಶಕ ಹೊಡೆದರೆ ಆಯಿತು. ತೆನೆ ಒಣಗಿದ ಮೇಲೂ ಹೊಲದಲ್ಲೇ ಸ್ವಲ್ಪ ದಿನ ನಿಲ್ಲುತ್ತದೆ, ಕಾಯುತ್ತದೆ. ಬೆಂಗಳೂರಿನ ಮಗ ರಜೆ ಹಾಕಿ ಬರುವವರೆಗೂ ಕಾಯುತ್ತದೆ. ಜನ ಇಲ್ಲದ ಮನೆಗೆ ಹೊಂದಿದ ಬೆಳೆ ಇದು. ಅಂದರೆ ಕುಟುಂಬ ಬದಲಾದದ್ದಕ್ಕೆ ಬೆಳೆ ಬದಲಾಯಿತು, ಬೆಳೆ ಬದಲಾದದ್ದಕ್ಕೆ ನಮ್ಮ ಬದುಕು ದೆಹಲಿಯ ಆದೇಶಕ್ಕೆ ಕಟ್ಟಿಬಿತ್ತು. 2018ರಲ್ಲಿ ಮೆಕ್ಕೆಜೋಳ ತಿನ್ನುವ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ಕಾಣಿಸಿದ್ದು ಪಕ್ಕದ ಶಿವಮೊಗ್ಗದಲ್ಲಿ. ಎಲ್ಲೆಲ್ಲೂ ಒಂದೇ ಬೆಳೆ ಇದ್ದದ್ದರಿಂದ ಹುಳುವಿಗೆ ಹಬ್ಬವಾಯಿತು, ಔಷಧಿ ಖರ್ಚೂ ಸೇರಿತು.

ಕಳೆ ತೆಗೆಯುವ ಹೆಂಗಸರ ಬಗ್ಗೆಯೂ ಹೇಳಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ ಬಂದಮೇಲೆ ಕೂಲಿಗೆ ಜನ ಸಿಗುವುದಿಲ್ಲ ಅನ್ನುವ ದೂರು ನಮ್ಮ ಊರ ಕಟ್ಟೆಯ ಮೇಲೆ ದಿನವೂ ಕೇಳುತ್ತದೆ. ಹೇಳುವವರು ಜಮೀನಿದ್ದ ಗಂಡಸರು. ನಾನು ಅದನ್ನು ಒಪ್ಪುವುದಿಲ್ಲ. ತಿಂಗಳಿಗೆ ಎರಡು ಸಾವಿರದಲ್ಲಿ ಯಾರ ಮನೆಯೂ ನಡೆಯುವುದಿಲ್ಲ, ಅವರು ಕೂಲಿಗೆ ಬಂದೇ ಬರುತ್ತಾರೆ. ಬದಲಾದದ್ದು ಏನೆಂದರೆ, ಮೈಯಲ್ಲಿ ಹುಷಾರಿಲ್ಲದ ದಿನ, ಇಲ್ಲಾ ಕೂಲಿ ಕಡಿಮೆ ಅನ್ನಿಸಿದ ದಿನ, "ನಾಳೆ ಬರಲ್ಲ" ಅನ್ನುವ ಧೈರ್ಯ ಅವರಿಗೆ ಬಂದಿದೆ. ಜೊತೆಗೆ ಬಸ್ಸು ಉಚಿತ ಆದದ್ದರಿಂದ ಪಕ್ಕದ ಊರಿನ ಅಡಿಕೆ ತೋಟದಲ್ಲಿ ಜಾಸ್ತಿ ಕೂಲಿ ಇದ್ದರೆ ಅಲ್ಲಿಗೆ ಹೋಗುತ್ತಾರೆ. ಹೋಗಲಿ ಬಿಡಿ, ಅದು ಅವರ ಹಕ್ಕು. ಮೆಕ್ಕೆಜೋಳದ ರೈತನಿಗೆ ಕೂಲಿ ಕೊಡಲು ಆಗುತ್ತಿಲ್ಲ ಅನ್ನುವುದು ನಿಜ. ಆದರೆ ಅವನಿಗೆ ಕ್ವಿಂಟಲ್ ಮೇಲೆ ಐನೂರು, ಎಂಟುನೂರು ತಪ್ಪಿಸಿದ್ದು ಆ ಹೆಂಗಸಲ್ಲ. ಸಿಟ್ಟು ಹತ್ತಿರದವರ ಮೇಲೆ ಹೋಗುತ್ತದೆ, ಯಾಕೆಂದರೆ ದೂರದವರ ವಿಳಾಸ ಗೊತ್ತಿಲ್ಲ.

ನನಗೆ ಎಲ್ಲಕ್ಕಿಂತ ನೋವು ಕೊಡುವ ವಿಷಯ ಬೇರೆ. ಅದು ಲಾವಣಿ ಮಾಡುವವರದು, ಅಂದರೆ ಬೇರೆಯವರ ಹೊಲವನ್ನು ಗೇಣಿಗೆ ಹಿಡಿದು ಬೆಳೆಯುವವರದು.

ನಮ್ಮ ಕಡೆ ಜಮೀನಿದ್ದವರು ಅನೇಕರು ಪೇಟೆ ಸೇರಿದ್ದಾರೆ. ಹೊಲ ಮಾತ್ರ ಬಿಡುವುದಿಲ್ಲ. ಮದುವೆ ಮಾತುಕತೆಯಲ್ಲಿ ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿರಬೇಕು, ಊರಲ್ಲಿ ಜಮೀನೂ ಇರಬೇಕು ಅಂತ ಕೇಳುತ್ತಾರೆ. ಹೊಲದಲ್ಲಿ ದುಡಿಯುವ ಹುಡುಗನಿಗೆ ಹೆಣ್ಣು ಕೊಡುವುದಿಲ್ಲ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಹೆದ್ದಾರಿಯ ಆಸುಪಾಸಿನಲ್ಲಿ ಎಕರೆಯ ದರಕ್ಕೂ ಅದರಲ್ಲಿ ಬೆಳೆಯುವ ಕಾಳಿನ ದರಕ್ಕೂ ಈಗ ಸಂಬಂಧವೇ ಇಲ್ಲ. ಹೀಗೆ ಜಮೀನು ಒಬ್ಬರ ಹೆಸರಲ್ಲಿ, ದುಡಿಮೆ ಇನ್ನೊಬ್ಬರದು. ದುಡಿಯುವವರು ಬಹುಪಾಲು ಸಣ್ಣ ಹಿಡುವಳಿಯವರು, ಜಮೀನಿಲ್ಲದವರು, ದಲಿತರು, ಹಿಂದುಳಿದವರು. ಎಕರೆಗೆ ಇಷ್ಟು ಅಂತ ಮೊದಲೇ ದುಡ್ಡು ಕೊಟ್ಟು ಲಾವಣಿ ಹಿಡಿಯುತ್ತಾರೆ. ಎಲ್ಲ ಬಾಯಿಮಾತಿನಲ್ಲಿ.

ಯಾಕೆ ಬಾಯಿಮಾತಿನಲ್ಲಿ? ಇಲ್ಲಿ ಚರಿತ್ರೆಯ ಒಂದು ಗಂಟು ಇದೆ. ದೇವರಾಜ ಅರಸು ಅವರ ಕಾಲದಲ್ಲಿ, 1974ರಲ್ಲಿ ಭೂಸುಧಾರಣೆ ಬಂತು. ಉಳುವವನೇ ಒಡೆಯನಾದ. ಗೇಣಿದಾರರಾಗಿದ್ದ ಎಷ್ಟೋ ಕುಟುಂಬಗಳು ತಲೆ ಎತ್ತಿ ನಿಂತವು. ಕರ್ನಾಟಕದಲ್ಲಿ ಸರ್ಕಾರ ಮಾಡಿದ ದೊಡ್ಡ ಕೆಲಸಗಳಲ್ಲಿ ಅದೂ ಒಂದು, ಇದನ್ನು ನಾನು ತರಗತಿಯಲ್ಲಿ ಎದೆಯುಬ್ಬಿಸಿ ಹೇಳುತ್ತೇನೆ. ಅದೇ ಕಾಯ್ದೆ ಜಮೀನನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿತು. ಇವತ್ತಿಗೂ ಕಾಗದದ ಮೇಲೆ ಲಾವಣಿ ಮಾಡಿಕೊಟ್ಟರೆ ಜಮೀನು ಕೈಬಿಟ್ಟು ಹೋದೀತು ಅಂತ ಮಾಲೀಕ ಹೆದರುತ್ತಾನೆ. ಹಾಗಾಗಿ ಕಾಗದ ಇಲ್ಲ. ಕಾಗದ ಇಲ್ಲದ ಮೇಲೆ ಪಹಣಿಯಲ್ಲಿ ಹೆಸರಿಲ್ಲ. ಪಹಣಿಯಲ್ಲಿ ಹೆಸರಿಲ್ಲದ ಮೇಲೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರ ರೈತರಿಗೆ ಕೊಡುವ ನೋಂದಣಿ ಸಂಖ್ಯೆ, ಇಲ್ಲ. ಆ ಐಡಿ ಇಲ್ಲದೆ ಬೆಂಬಲ ಬೆಲೆ ಕೇಂದ್ರದಲ್ಲಿ ಕಾಳು ತಗೊಳ್ಳುವುದಿಲ್ಲ. ಬೆಳೆ ಪರಿಹಾರ ಮಾಲೀಕನ ಖಾತೆಗೆ. ಪಿಎಂ ಕಿಸಾನ್ ಮಾಲೀಕನ ಖಾತೆಗೆ. ಬ್ಯಾಂಕು, ಸೊಸೈಟಿಯ ಬೆಳೆಸಾಲವೂ ಪಹಣಿ ಇದ್ದವರಿಗೇ. ಲಾವಣಿಯವನು ದಲಾಲಿ ಅಂಗಡಿಯಲ್ಲಿ ಸಾಲ ತಗೊಳ್ಳುತ್ತಾನೆ, ಕಾಳು ಅಲ್ಲಿಗೇ ಹಾಕುತ್ತಾನೆ. ದರ ಏರಲಿ ಅಂತ ಕಾಯುವ ಶಕ್ತಿ ಅವನಿಗಿಲ್ಲ.

ನಮ್ಮ ಪಕ್ಕದ ಹೊಲ ಲಾವಣಿ ಮಾಡುವ ಅಣ್ಣ ಒಬ್ಬರಿದ್ದಾರೆ. ಖರೀದಿ ಕೇಂದ್ರ ತೆಗೆಯುತ್ತಾರಂತೆ, ಸ್ವಲ್ಪ ತಡೀಬಾರದಿತ್ತಾ ಅಂತ ಕೇಳಿದೆ. "ತಡದ್ರೆ ಬಡ್ಡಿ ತಡಿತದಾ ಮೇಷ್ಟ್ರೇ? ಕೇಂದ್ರ ತೆಗದ್ರೂ ನಂದೇನೈತಿ ಅಲ್ಲಿ? ಹೊಲ ಅವ್ರದು, ಹೆಸ್ರು ಅವ್ರದು. ಬೆವರೊಂದು ನಂದು, ಅದುಕ್ಕೆ ಪಾಣಿ ಎಲ್ಲಿ ಮಾಡುಸ್ಲಿ?" ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಇದು ಇರುವುದೇ ಹೀಗೆ ಅನ್ನುವ ಹಾಗೆ ಹೇಳಿದರು. ಅದು ನನಗೆ ಹೆಚ್ಚು ಚುಚ್ಚಿತು.

ಹೀಗಾಗಿ ಬೆಂಬಲ ಬೆಲೆ ಕೊಡಿ ಅಂತ ನಾವೆಲ್ಲ ಕೂಗಿ, ಸರ್ಕಾರ ಕೊಟ್ಟೇಬಿಟ್ಟರೂ, ಅದು ಜಾಸ್ತಿ ಕಷ್ಟದಲ್ಲಿರುವವನ ಕೈಗೆ ಸಿಗುವುದಿಲ್ಲ. ಇದನ್ನು ರೈತ ಸಂಘಟನೆಗಳೂ ಜೋರಾಗಿ ಹೇಳುವುದಿಲ್ಲ. ಅಲ್ಲಿ ಮುಂದೆ ನಿಂತವರಲ್ಲಿ ಜಮೀನು ಲಾವಣಿಗೆ ಕೊಟ್ಟವರೂ ಇರುತ್ತಾರೆ. 1980ರಲ್ಲಿ ನರಗುಂದ, ನವಲಗುಂದದ ಗೋಲಿಬಾರ್ ಆದಮೇಲೆ ಎದ್ದ ರೈತ ಚಳವಳಿ ಇಡೀ ರಾಜ್ಯಕ್ಕೆ ಧೈರ್ಯ ಕೊಟ್ಟಿತು, ಹಸಿರು ಶಾಲು ಕಂಡರೆ ಕಚೇರಿಗಳಲ್ಲಿ ಎದ್ದು ನಿಲ್ಲುವ ಕಾಲವೊಂದು ಇತ್ತು. ಆ ಶಾಲಿನೊಳಗೆ ಲಾವಣಿಯವನಿಗೂ ಜಾಗ ಆಗಬೇಕಿತ್ತು. ಆಗಲಿಲ್ಲ.

ಪರಿಹಾರ ಏನೂ ಇಲ್ಲ ಅಂತಲ್ಲ. ಪಕ್ಕದ ಆಂಧ್ರಪ್ರದೇಶ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕಿನ ಕಾಯ್ದೆ ತಂದಿದೆ. ಲಾವಣಿ ಮಾಡುವವನಿಗೆ ಹನ್ನೊಂದು ತಿಂಗಳ ಕಾರ್ಡು ಸಿಗುತ್ತದೆ. ಜಮೀನಿನ ಮೇಲೆ ಅವನಿಗೆ ಯಾವ ಹಕ್ಕೂ ಬರುವುದಿಲ್ಲ, ಬೆಳೆಯ ಮೇಲೆ ಮಾತ್ರ. ಅಲ್ಲೂ ಮಾಲೀಕರು ಸಹಿ ಹಾಕಲು ಹಿಂದೇಟು ಹಾಕುತ್ತಾರೆ, ತೊಡಕುಗಳಿವೆ. ಆದರೂ ಒಂದು ದಾರಿ ಅದು. ನಮ್ಮಲ್ಲಿ ಮಾಲೀಕನ ಸಹಿಗೆ ಕಾಯದೆ, ಬೆಳೆ ಸಮೀಕ್ಷೆಗೆ ಹೊಲಕ್ಕೆ ಬಂದು ಫೋಟೊ ತೆಗೆಯುವವರೇ "ಇದನ್ನು ಬಿತ್ತಿದವರು ಯಾರು" ಅಂತ ಬರೆದುಕೊಂಡರೆ ಆಗುವುದಿಲ್ಲವೇ? ಊರಿನಲ್ಲಿ ಯಾರ ಹೊಲ ಯಾರು ಮಾಡುತ್ತಿದ್ದಾರೆ ಅನ್ನುವುದು ಗುಟ್ಟಲ್ಲ. ಗ್ರಾಮಸಭೆಯಲ್ಲಿ ಓದಿ ಹೇಳಿದರೆ ಸುಳ್ಳು ಹೆಸರು ಅಲ್ಲೇ ಬೀಳುತ್ತದೆ. ಇನ್ನೊಂದು, ಖರೀದಿ ಕೇಂದ್ರ ಮಾಡುವುದಿದ್ದರೆ ಅಕ್ಟೋಬರ್ ಶುರುವಿನಲ್ಲೇ ಮಾಡಬೇಕು. ಅರ್ಧ ಕಾಳು ದಲಾಲಿ ಅಂಗಡಿ ಸೇರಿದ ಮೇಲೆ ತೆಗೆದರೆ ಲಾಭ ಆಗುವುದು ಗೋದಾಮು ಇದ್ದವರಿಗೆ. ಮತ್ತೆ, ಅಕ್ಕಿಯನ್ನು ಎಥನಾಲ್‌ಗೆ ಬಿಡುವ ಆದೇಶ ಬಿತ್ತನೆಗೆ ಮೊದಲೇ ಹೊರಬಿದ್ದರೂ, ಬಿತ್ತುವವನಿಗೆ ಅದರ ಅರ್ಥ ಬಿಡಿಸಿ ಹೇಳುವ ಕೆಲಸ ಯಾರೂ ಮಾಡಲಿಲ್ಲ. ಕೃಷಿ ಇಲಾಖೆಯವರು ಬೀಜ, ಗೊಬ್ಬರದ ಬಗ್ಗೆ ಹೇಳಿದಷ್ಟೇ ಕಾಳಜಿಯಿಂದ ದರದ ಬಗ್ಗೆಯೂ ಮೇ ತಿಂಗಳಲ್ಲೇ ಊರೂರಿನಲ್ಲಿ ಹೇಳಬೇಕು.

ಇದನ್ನೆಲ್ಲ ಕೇಳಬೇಕಾದ ಜಾಗ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ. ಆ ಚುನಾವಣೆ ಕೊನೆಗೆ ನಡೆದದ್ದು 2016ರಲ್ಲಿ. 2021ಕ್ಕೆ ಸದಸ್ಯರ ಅವಧಿ ಮುಗಿಯಿತು. ಮೀಸಲಾತಿ, ಕ್ಷೇತ್ರ ಮರುವಿಂಗಡಣೆ, ಕೋರ್ಟು ಅಂತ ಹೇಳುತ್ತಾ ಒಂದು ಪಕ್ಷದ ಸರ್ಕಾರ ಹೋಗಿ ಇನ್ನೊಂದು ಪಕ್ಷದ ಸರ್ಕಾರ ಬಂತು, ವರ್ಷಗಟ್ಟಲೆ ಆ ಕುರ್ಚಿಗಳು ಖಾಲಿ. ಮೆಕ್ಕೆಜೋಳದವನಿಗೆ ಹತ್ತಿರದಲ್ಲಿ ಇರಬಹುದಾಗಿದ್ದ ಒಂದೇ ಒಂದು ಗೇಟು ಅದು. ಅದನ್ನೂ ಮುಚ್ಚಿ ಇಟ್ಟಿದ್ದಾರೆ. ಶಾಸಕರಿಗೆ ಇದರಿಂದ ತೊಂದರೆ ಇಲ್ಲ, ಅನುದಾನ ಹಂಚುವಾಗ ಇನ್ನೊಬ್ಬರ ಮಾತು ಕೇಳಬೇಕಿಲ್ಲ. ಹಾಗಾಗಿ ಯಾವ ಪಕ್ಷವೂ ಇದರ ಬಗ್ಗೆ ಬೀದಿಗೆ ಬರುವುದಿಲ್ಲ.

ಆ ಹುಡುಗಿಗೆ ಉಳಿದ ಅರ್ಧ ಉತ್ತರವನ್ನು ಈ ಕ್ರಮದಲ್ಲೇ ಹೇಳಿದೆ. ಅವಳು ಎಲ್ಲ ಕೇಳಿ, "ಹಂಗಾದ್ರೆ ಸಾರ್, ನಮ್ಮಪ್ಪನೂ ಲಾವಣಿನೇ ಮಾಡೋದು, ಐಡಿ ಮಾಡಿಸಿಕೊಡಿ ಅಂತ ಯಾರಿಗೆ ಅರ್ಜಿ ಕೊಡ್ಬೇಕು?" ಅಂದಳು. ತರಗತಿಯವರೆಲ್ಲ ಸೇರಿ ಈಗ ಒಂದು ಅರ್ಜಿ ಬರೆಯುತ್ತಿದ್ದೇವೆ, ಜಿಲ್ಲಾಧಿಕಾರಿಗಳಿಗೆ ಒಂದು ಪ್ರತಿ, ಕೃಷಿ ಇಲಾಖೆಗೆ ಒಂದು, ಇಬ್ಬರು ಶಾಸಕರಿಗೆ ಒಂದೊಂದು. ಲಾವಣಿ ಮಾಡುವ ಮನೆಯವರು, ಮಕ್ಕಳು, ಹೆಂಗಸರು, ಯಾರಾದರೂ ಸರಿ, ಸಹಿ ಹಾಕಲು ಬರಬಹುದು. ಜಮೀನು ಲಾವಣಿಗೆ ಕೊಟ್ಟವರೂ ಬಂದರೆ ಇನ್ನೂ ಒಳ್ಳೆಯದು.